ಜಿಪಿಎ 3.1 ಇದ್ದರೂ ಏಡ್ ನಿಂತದ್ದೇಕೆ? ಅಮೆರಿಕದ ಕಾಲೇಜುಗಳ ‘ಸ್ಯಾಪ್’ ಲೆಕ್ಕ

ಎರಡು ವರ್ಷ ಮುಗಿಸಿದ ಒಬ್ಬ ವಿದ್ಯಾರ್ಥಿಯ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಹೀಗಿದೆ ಎಂದುಕೊಳ್ಳಿ. ನಾಲ್ಕು ಸೆಮಿಸ್ಟರ್‌ಗಳಲ್ಲಿ ಒಟ್ಟು 60 ಕ್ರೆಡಿಟ್‌ಗೆ ಹೆಸರು ಬರೆಸಿದ್ದಾನೆ. ಕೈಗೆ ಹತ್ತದ ಏಳು ಕೋರ್ಸುಗಳನ್ನು, ಅಂದರೆ 21 ಕ್ರೆಡಿಟ್‌ಗಳನ್ನು, ಫೇಲಾಗುವುದಕ್ಕಿಂತ ಬಿಡುವುದೇ ಲೇಸು ಎಂದು ನಡುವೆ ಬಿಟ್ಟಿದ್ದಾನೆ. ಉಳಿದ 39 ಕ್ರೆಡಿಟ್ ಪಾಸಾಗಿದೆ. ಒಂದೇ ಒಂದು ಎಫ್ ಇಲ್ಲ. ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, 4ಕ್ಕೆ 3.1. ಜೂನ್ ತಿಂಗಳಲ್ಲಿ ಕಾಲೇಜಿನಿಂದ ಮೇಲ್ ಬರುತ್ತದೆ: ಮುಂದಿನ ಸೆಮಿಸ್ಟರ್‌ನಿಂದ ನಿಮಗೆ ಫೆಡರಲ್ ಏಡ್, ಅಂದರೆ ಓದಿಗೆ ಕೇಂದ್ರ ಸರ್ಕಾರ ಕೊಡುವ ಹಣದ ನೆರವು, ಇಲ್ಲ. ಹಿಂದಿರುಗಿಸಬೇಕಿಲ್ಲದ ಪೆಲ್ ಗ್ರ್ಯಾಂಟೂ ಇಲ್ಲ, ಸರ್ಕಾರಿ ಸಾಲವಾದ ಡೈರೆಕ್ಟ್ ಲೋನೂ ಇಲ್ಲ, ಏಡ್‌ನ ಭಾಗವಾಗಿ ಸಿಗುವ ವರ್ಕ್-ಸ್ಟಡಿ ಕೆಲಸವೂ ಇಲ್ಲ. 2025-26ರ ದರದಲ್ಲಿ ಲೆಕ್ಕ ಹಾಕಿದರೆ ಪೂರ್ತಿ ಪೆಲ್ ಪಡೆಯುವವನಿಗೆ ವರ್ಷಕ್ಕೆ 7,395 ಡಾಲರ್ ಹೋಯಿತು. 39 ಕ್ರೆಡಿಟ್ ಗಳಿಸಿ ಇನ್ನೂ ಎರಡನೇ ವರ್ಷದ ಮಟ್ಟದಲ್ಲಿರುವ, ಪೋಷಕರನ್ನು ಅವಲಂಬಿಸಿದ ವಿದ್ಯಾರ್ಥಿಗೆ ಸಿಗುವ ಗರಿಷ್ಠ 6,500 ಡಾಲರ್ ಸಾಲವೂ ಅದರ ಹಿಂದೆಯೇ ಹೋಯಿತು.

ಮನೆಯವರ ಮೊದಲ ಪ್ರತಿಕ್ರಿಯೆ ಬಹುತೇಕ ಒಂದೇ: ಗ್ರೇಡು ಚೆನ್ನಾಗಿಯೇ ಇದೆಯಲ್ಲ, ಏನೋ ತಪ್ಪಾಗಿರಬೇಕು. ತಪ್ಪಾಗಿಲ್ಲ. ಅಲ್ಲಿ ನೋಡಿದ್ದು ಗ್ರೇಡನ್ನಷ್ಟೇ ಅಲ್ಲ. 39 ಭಾಗಿಸು 60 ಅಂದರೆ ಶೇ 65. ಬೇಕಾಗಿದ್ದದ್ದು ಮೂರನೇ ಎರಡು ಭಾಗ. 60ಕ್ಕೆ 40 ಆಗಬೇಕಿತ್ತು, ಒಂದು ಕ್ರೆಡಿಟ್ ಕಡಿಮೆ ಬಿತ್ತು.

ಈ ಪರೀಕ್ಷೆಯ ಹೆಸರು ಸ್ಯಾಟಿಸ್‌ಫ್ಯಾಕ್ಟರಿ ಅಕಡೆಮಿಕ್ ಪ್ರೋಗ್ರೆಸ್, ಎಲ್ಲರ ಬಾಯಲ್ಲಿ ‘ಸ್ಯಾಪ್’. ಸರ್ಕಾರದ ದುಡ್ಡು ಪಡೆದು ಓದುತ್ತಿರುವವರು ಪದವಿಯ ಕಡೆಗೆ ನಿಜವಾಗಿಯೂ ಸಾಗುತ್ತಿದ್ದಾರೆಯೇ ಎಂದು ನೋಡುವ ನಿಯಮ ಅದು. ಈಗ ಜಾರಿಯಲ್ಲಿರುವ ಚೌಕಟ್ಟು 2010ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಹೊರಡಿಸಿ 2011ರ ಜುಲೈ 1ರಿಂದ ಜಾರಿಗೆ ತಂದದ್ದು. ಇಲಾಖೆ ಹಾಕುವುದು ಕನಿಷ್ಠ ಗೆರೆ ಮಾತ್ರ. ಆ ಗೆರೆಯೊಳಗೆ ತನ್ನ ನೀತಿಯನ್ನು ಬರೆದುಕೊಳ್ಳುವುದು, ಲೆಕ್ಕ ಹಾಕುವುದು, ಮನವಿ ಬಂದರೆ ತೀರ್ಮಾನ ಕೊಡುವುದು ಎಲ್ಲವೂ ಆಯಾ ಕಾಲೇಜಿನದೇ. ಹಾಗಾಗಿ ಪಕ್ಕದ ಮನೆಯ ಹುಡುಗಿಯ ಕಾಲೇಜಿನ ನಿಯಮ ನಿಮ್ಮ ಮಗನ ಕಾಲೇಜಿಗೆ ಹೊಂದಬೇಕೆಂದಿಲ್ಲ.

ಇದು ಯಾರಿಗೆ ಅನ್ವಯ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಫೆಡರಲ್ ಏಡ್ ಸಿಗುವುದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವು ನಿರ್ದಿಷ್ಟ ವರ್ಗಗಳಿಗೆ. ತಂದೆ ಅಥವಾ ತಾಯಿಯ ಉದ್ಯೋಗ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದಲ್ಲಿ ಬೆಳೆದ ಮಕ್ಕಳಿಗಾಗಲಿ, ಬೆಂಗಳೂರು ಮೈಸೂರಿನಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗಾಗಲಿ ಅದು ಸಿಗುವುದಿಲ್ಲ. ಅವರಿಗೆ ಕಾಲೇಜು ತಾನೇ ಕೊಡುವ ಸ್ಕಾಲರ್‌ಶಿಪ್‌ನ ಷರತ್ತುಗಳು ಬೇರೆ. ಎಫ್-1 ವಿದ್ಯಾರ್ಥಿಗೆ ಇನ್ನೊಂದು ಕತ್ತಿಯೂ ತೂಗುತ್ತಿರುತ್ತದೆ: ಪದವಿ ತರಗತಿಯಲ್ಲಿ ಸೆಮಿಸ್ಟರ್‌ಗೆ 12 ಕ್ರೆಡಿಟ್‌ಗಿಂತ ಕೆಳಗಿಳಿಯುವ ಮುನ್ನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅನುಮತಿ ಇಲ್ಲದಿದ್ದರೆ ಹೋಗುವುದು ದುಡ್ಡಲ್ಲ, ವೀಸಾ ಸ್ಥಾನಮಾನ.

ಮೂರು ಅಳತೆ, ಒಂದೇ ಬೇರು

ಮೊದಲನೆಯದು ಗುಣದ ಅಳತೆ, ಅಂದರೆ ಜಿಪಿಎ. ಎರಡು ಶೈಕ್ಷಣಿಕ ವರ್ಷಕ್ಕಿಂತ ಉದ್ದದ ಕೋರ್ಸಿನಲ್ಲಿ, ಎರಡನೇ ವರ್ಷದ ಕೊನೆಗೆ ವಿದ್ಯಾರ್ಥಿಗೆ ಸಿ ಸರಾಸರಿ, ಸಾಮಾನ್ಯವಾಗಿ 2.0, ಇರಬೇಕು, ಇಲ್ಲವೇ ಆ ಕಾಲೇಜಿನ ಪದವಿ ಪಡೆಯಲು ಬೇಕಾದ ಮಟ್ಟಕ್ಕೆ ಹೊಂದುವ ಸ್ಥಿತಿ ಇರಬೇಕು. ಇಲ್ಲಿ ಎರಡನೇ ವರ್ಷ ಎಂದರೆ ಕಾಲದ ಲೆಕ್ಕ, ‘ಕ್ರೆಡಿಟ್ ಲೆಕ್ಕದಲ್ಲಿ ನಾನಿನ್ನೂ ಸಾಫಮೋರ್ (ಎರಡನೇ ವರ್ಷದ ವಿದ್ಯಾರ್ಥಿ) ಆಗಿಲ್ಲ’ ಎಂಬ ಮಾತು ನಡೆಯುವುದಿಲ್ಲ. ಮೊದಲ ವರ್ಷದಿಂದಲೇ 2.0 ಕೇಳುವ ಕಾಲೇಜುಗಳೂ ಇವೆ, ಆರಂಭದಲ್ಲಿ ಸ್ವಲ್ಪ ಸಡಿಲ ಬಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಏರಿಸುವವೂ ಇವೆ.

ಎರಡನೆಯದು ವೇಗ. ಕಚೇರಿಯ ಭಾಷೆಯಲ್ಲಿ ಪೇಸ್. ಈವರೆಗೆ ಪಾಸಾದ ಒಟ್ಟು ಕ್ರೆಡಿಟ್‌ಗಳನ್ನು ಈವರೆಗೆ ಕೈಹಾಕಿದ ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಬರುವ ಸಂಖ್ಯೆ.

ಮೂರನೆಯದು ಗರಿಷ್ಠ ಕಾಲಮಿತಿ. ಪದವಿಗೆ ಬೇಕಾದ ಕ್ರೆಡಿಟ್‌ನ ಒಂದೂವರೆ ಪಟ್ಟು, ಶೇ 150, ಮೀರುವಂತಿಲ್ಲ. 120 ಕ್ರೆಡಿಟ್‌ನ ಬ್ಯಾಚುಲರ್ ಪದವಿಗೆ 180 ಕ್ರೆಡಿಟ್, 60 ಕ್ರೆಡಿಟ್‌ನ, ಎರಡು ವರ್ಷದ ಅಸೋಸಿಯೇಟ್ ಪದವಿಗೆ 90 ಕ್ರೆಡಿಟ್ ಕೈಹಾಕುವಷ್ಟರಲ್ಲಿ ಮುಗಿಸಬೇಕು. ಸ್ನಾತಕೋತ್ತರಕ್ಕೆ ಈ ಮಿತಿಯನ್ನು ಕಾಲೇಜೇ ನಿಗದಿ ಮಾಡುತ್ತದೆ. ಜಿಪಿಎ ಕೂಡ ಅಲ್ಲಿ ಸಾಮಾನ್ಯವಾಗಿ 3.0.

ಪೇಸ್‌ಗೆ ಬೇಕಾದ ಮೂರನೇ ಎರಡು ಭಾಗ, ಅಂದರೆ ಸುಮಾರು ಶೇ 67, ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಮೂರನೆಯ ಅಳತೆಯಲ್ಲಿದೆ. 180ರಲ್ಲಿ 120 ಪಾಸಾಗಬೇಕಾದರೆ ದಾರಿಯುದ್ದಕ್ಕೂ ಪ್ರತಿ ಮೂರರಲ್ಲಿ ಎರಡು ಪಾಸಾಗುತ್ತಿರಬೇಕು. 120 ಭಾಗಿಸು 180, ಅಂದರೆ ಶೇ 66.67. ಪೇಸ್ ಎಂಬುದು ಬೇರೇನಲ್ಲ, ಕಾಲಮಿತಿಯನ್ನೇ ಸಣ್ಣ ಕಂತುಗಳಲ್ಲಿ ವಸೂಲು ಮಾಡುವ ವಿಧಾನ. ಇದು ಅರ್ಥವಾದರೆ ಉಳಿದ ನಿಯಮಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಒಂದು ಸಣ್ಣ ಮುಳ್ಳು: ಕೆಲವು ಕಾಲೇಜುಗಳು 66.67 ಅನ್ನು 67ಕ್ಕೆ ಏರಿಸಿ ಓದುತ್ತವೆ, ಕೆಲವು ನೀತಿಪತ್ರದಲ್ಲಿ 67 ಎಂದು ಬರೆದು ಅದಕ್ಕೇ ಅಂಟಿಕೊಳ್ಳುತ್ತವೆ. ಸರಿಯಾಗಿ ಮೂರನೇ ಎರಡಕ್ಕೆ ಬಂದು ನಿಂತವರು ಈ ದಶಾಂಶದಲ್ಲಿ ಎಡವುತ್ತಾರೆ. ನೀತಿಪತ್ರದಲ್ಲಿ ‘ರೌಂಡಿಂಗ್’ ಪದ ಹುಡುಕಿ, ಕಾಣದಿದ್ದರೆ ಕೇಳಿ.

ಯಾವುದು ಎಲ್ಲಿ ಲೆಕ್ಕಕ್ಕೆ ಬರುತ್ತದೆ

ತೊಂದರೆ ಹುಟ್ಟುವುದು ಇಲ್ಲೇ. ಒಂದೇ ಗ್ರೇಡು ಜಿಪಿಎಯಲ್ಲಿ ಒಂದು ಥರ, ಪೇಸ್‌ನಲ್ಲಿ ಇನ್ನೊಂದು ಥರ ವರ್ತಿಸುತ್ತದೆ.

ಡಬ್ಲ್ಯು, ಅಂದರೆ ನಡುವೆ ಬಿಟ್ಟ ಕೋರ್ಸು, ಜಿಪಿಎಯಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ. ಪೇಸ್‌ನಲ್ಲಿ ಮಾತ್ರ ಚೆನ್ನಾಗಿಯೇ ಲೆಕ್ಕಕ್ಕುಂಟು: ಕೈಹಾಕಿದ ಪಟ್ಟಿಗೆ ಸೇರುತ್ತದೆ, ಪಾಸಾದ ಪಟ್ಟಿಗೆ ಸೇರುವುದಿಲ್ಲ. ಲೇಖನದ ಮೊದಲಲ್ಲಿ ಕಂಡ ವಿದ್ಯಾರ್ಥಿಯನ್ನು ಕೆಡವಿದ್ದು ಇದೇ. ಸೆಮಿಸ್ಟರ್‌ನ ಮೊದಲ ಒಂದೆರಡು ವಾರದ ಆ್ಯಡ್-ಡ್ರಾಪ್ ಅವಧಿಯಲ್ಲಿ ಬಿಟ್ಟ ಕೋರ್ಸು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣುವುದೇ ಇಲ್ಲ, ಅದರಿಂದ ಪೇಸ್‌ಗೆ ಕುಂದೂ ಇಲ್ಲ. ಆ ಗಡುವಿನ ಮರುದಿನ ಬಿಟ್ಟರೆ ಅದು ಡಬ್ಲ್ಯು. ಒಂದು ದಿನದ ಅಂತರ, ಮೂರು ಕ್ರೆಡಿಟ್‌ನ ಹೊರೆ.

ಎಫ್ ಎರಡೂ ಕಡೆ ಹೊಡೆಯುತ್ತದೆ. ಡಿ ಬಂದರೆ ಬಹುತೇಕ ಕಡೆ ಕ್ರೆಡಿಟ್ ಸಿಗುವುದರಿಂದ ಪೇಸ್ ಉಳಿಯುತ್ತದೆ, ಜಿಪಿಎ ಕುಗ್ಗುತ್ತದೆ. ಆದರೆ ಮೇಜರ್‌ನ, ಅಂದರೆ ಪದವಿಯ ಮುಖ್ಯ ವಿಷಯದ, ಕಡ್ಡಾಯ ಕೋರ್ಸಿಗೆ ಸಿ ಬೇಕೆನ್ನುವ ವಿಭಾಗಗಳಲ್ಲಿ ಆ ಡಿ ಪದವಿಗೆ ಕೆಲಸಕ್ಕೆ ಬಾರದು. ಪಾಸ್-ನೋ ಪಾಸ್ ಪದ್ಧತಿಯಲ್ಲಿ ಪಾಸಾದರೆ ಪೇಸ್‌ಗೆ ಲಾಭ, ಜಿಪಿಎಗೆ ಏನೂ ಇಲ್ಲ.

ಹಾಗಾದರೆ ಸೋಲುತ್ತಿರುವ ಕೋರ್ಸನ್ನು ಬಿಡಬೇಕೇ, ಕಚ್ಚಿಕೊಂಡು ಮುಗಿಸಬೇಕೇ? ಸಲಹೆಗಾರರು ‘ಡಬ್ಲ್ಯು ತಗೋ, ಜಿಪಿಎ ಉಳಿಯುತ್ತೆ’ ಎನ್ನುವುದು ಸಾಮಾನ್ಯ, ಅವರ ದೃಷ್ಟಿಯಿಂದ ಅದು ಸರಿಯೂ ಹೌದು. ಏಡ್ ಪಡೆಯುತ್ತಿರುವವರು ಮಾತ್ರ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ನನ್ನ ಎರಡು ಅಳತೆಗಳಲ್ಲಿ ಯಾವುದು ಅಂಚಿನಲ್ಲಿದೆ? ಜಿಪಿಎ 3.1, ಪೇಸ್ ಶೇ 68 ಇದ್ದವರಿಗೆ ಒಂದು ಡಿ ತಡೆದುಕೊಳ್ಳಬಹುದು, ಇನ್ನೊಂದು ಡಬ್ಲ್ಯು ತಡೆಯಲಾಗದು. ಜಿಪಿಎ 2.02, ಪೇಸ್ ಶೇ 90 ಇದ್ದವರಿಗೆ ಇದರ ತದ್ವಿರುದ್ಧ. ಪಾಸಾಗುವ ಆಸೆಯೇ ಇಲ್ಲದಿದ್ದರೆ ಮಾತ್ರ ಡಬ್ಲ್ಯು ಯಾವಾಗಲೂ ಎಫ್‌ಗಿಂತ ಮೇಲು, ಏಕೆಂದರೆ ಪೇಸ್‌ಗೆ ಎರಡರ ಪೆಟ್ಟೂ ಒಂದೇ, ಜಿಪಿಎ ಮಾತ್ರ ಡಬ್ಲ್ಯುನಿಂದ ಉಳಿಯುತ್ತದೆ.

ಇನ್‌ಕಂಪ್ಲೀಟ್, ಐ ಗ್ರೇಡು, ಗ್ರೇಡು ಬರುವವರೆಗೆ ಕೈಹಾಕಿದ ಪಟ್ಟಿಯಲ್ಲಿ ಇದ್ದು ಪಾಸಾಗದ ಕೋರ್ಸಿನಂತೆ ಕೂರುತ್ತದೆ. ಜುಲೈನಲ್ಲಿ ಪ್ರೊಫೆಸರ್ ಅದನ್ನು ಬಿ ಮಾಡಿದರೆ ಕಂಪ್ಯೂಟರ್ ತಾನಾಗಿ ಸ್ಯಾಪ್ ತಿದ್ದುತ್ತದೆ ಎಂದು ನಂಬಿ ಕೂರಬೇಡಿ. ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿಯೇ ಏಡ್ ಕಚೇರಿಗೆ ಬರೆದು ಮರುಲೆಕ್ಕ ಕೇಳಬೇಕು.

ಮತ್ತೆ ತೆಗೆದುಕೊಂಡ ಕೋರ್ಸಿನ ವಿಷಯದಲ್ಲಿ ಭ್ರಮೆ ಹೆಚ್ಚು. ರಸಾಯನಶಾಸ್ತ್ರದಲ್ಲಿ ಎಫ್ ಬಂತು, ಮತ್ತೆ ತೆಗೆದುಕೊಂಡು ಬಿ ಬಂತು. ಕಾಲೇಜಿನ ಗ್ರೇಡ್ ಬದಲಿ ನಿಯಮದಂತೆ ಜಿಪಿಎಯಿಂದ ಆ ಎಫ್ ಮಾಯವಾಗಬಹುದು. ಪೇಸ್‌ನಿಂದ ಆಗುವುದಿಲ್ಲ: 6 ಕ್ರೆಡಿಟ್ ಕೈಹಾಕಿ 3 ಗಳಿಸಿದಂತೆ. ಒಮ್ಮೆ ಪಾಸಾದ ಕೋರ್ಸನ್ನು ಗ್ರೇಡು ಏರಿಸಿಕೊಳ್ಳಲು ಮತ್ತೆ ತೆಗೆದುಕೊಂಡರೆ ಒಂದು ಸಲಕ್ಕೆ ಮಾತ್ರ ಫೆಡರಲ್ ದುಡ್ಡು ಸಿಗುತ್ತದೆ, ಮೂರನೆಯ ಬಾರಿಗೆ ಇಲ್ಲ. ಹಳೆಯ ಕೆಟ್ಟ ಸೆಮಿಸ್ಟರನ್ನು ಅಳಿಸಿಹಾಕುವ ‘ಅಕಡೆಮಿಕ್ ರಿನ್ಯೂವಲ್’ ಸೌಲಭ್ಯ ಕೆಲವು ಕಾಲೇಜುಗಳಲ್ಲಿದೆ. ಫೆಡರಲ್ ನಿಯಮ ಅದನ್ನು ಗುರುತಿಸುವುದಿಲ್ಲ. ಡೀನ್ ಕ್ಷಮಿಸಿದರೂ ಏಡ್ ಕಚೇರಿಯ ಲೆಕ್ಕದಲ್ಲಿ ಆ ಸೆಮಿಸ್ಟರ್ ಇದ್ದೇ ಇರುತ್ತದೆ.

ಬೇರೆ ಕಾಲೇಜಿನಿಂದ ಬಂದ ಕ್ರೆಡಿಟ್‌ಗಳಲ್ಲಿ ಈ ಪದವಿಗೆ ಒಪ್ಪಿಕೊಂಡವು ಎರಡೂ ಪಟ್ಟಿಗೆ ಸೇರುತ್ತವೆ, ಕೈಹಾಕಿದ್ದಕ್ಕೂ ಪಾಸಾದದ್ದಕ್ಕೂ. ಪೇಸ್‌ಗೆ ಇದು ಒಳ್ಳೆಯ ಸುದ್ದಿ, ಕಾಲಮಿತಿಗೆ ಅಷ್ಟು ಒಳ್ಳೆಯದಲ್ಲ. ಹೈಸ್ಕೂಲಿನಲ್ಲಿರುವಾಗಲೇ ಕಮ್ಯುನಿಟಿ ಕಾಲೇಜಿನಲ್ಲಿ ಡ್ಯುಯಲ್ ಎನ್‌ರೋಲ್‌ಮೆಂಟ್ ಕೋರ್ಸು ಮಾಡಿಸುವ ಉತ್ಸಾಹ ನಮ್ಮವರಲ್ಲಿ ಬಹಳ. ಹದಿನಾರನೇ ವಯಸ್ಸಿನಲ್ಲಿ ಬಂದ ಎಫ್ ಅಥವಾ ಡಬ್ಲ್ಯು ಅದೇ ಕಾಲೇಜಿಗೆ ಸೇರಿದಾಗ ದಾಖಲೆಯಲ್ಲಿ ಕಾದು ಕೂತಿರುತ್ತದೆ ಎಂಬುದು ಆಗ ಯಾರಿಗೂ ನೆನಪಿರುವುದಿಲ್ಲ. ಏಡ್ ಪಡೆಯದೆ ಕೈಯಿಂದ ಶುಲ್ಕ ಕಟ್ಟಿ ಓದಿದ ಸೆಮಿಸ್ಟರ್‌ಗಳೂ, ಬೇಸಿಗೆಯ ಕೋರ್ಸುಗಳೂ ಲೆಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ.

ಕಾಲಮಿತಿ ಮುಗಿಯುವ ಮುನ್ನವೇ ಮುಗಿಯುವುದು

180 ಕ್ರೆಡಿಟ್ ಮುಟ್ಟುವವರೆಗೆ ಏಡ್ ಬರುತ್ತದೆ ಎಂಬುದು ಅರ್ಧ ಸತ್ಯ. ಇನ್ನು ಎಷ್ಟೇ ಚೆನ್ನಾಗಿ ಓದಿದರೂ 180ರೊಳಗೆ ಮುಗಿಸಲು ಸಾಧ್ಯವಿಲ್ಲ ಎಂದು ಗಣಿತ ಹೇಳಿದ ದಿನವೇ ಅರ್ಹತೆ ನಿಲ್ಲುತ್ತದೆ. ಒಬ್ಬಳು 140 ಕ್ರೆಡಿಟ್ ಕೈಹಾಕಿ 120 ಪಾಸಾಗಿದ್ದಾಳೆ. ಪೇಸ್ ಶೇ 86, ಯಾವ ಚಿಂತೆಯೂ ಕಾಣದು. ಆದರೆ ಬಯಾಲಜಿಯಿಂದ ಕಂಪ್ಯೂಟರ್ ಸೈನ್ಸ್‌ಗೆ ಬಂದದ್ದರಿಂದ ಆ 120ರಲ್ಲಿ ಹೊಸ ಪದವಿಗೆ ಸಲ್ಲುವುದು 75 ಮಾತ್ರ. ಇನ್ನು 45 ಬೇಕು. 140 ಕೂಡಿಸು 45, 185. ಐದು ಕ್ರೆಡಿಟ್‌ನಿಂದ ಏಡ್ ಹೋಯಿತು, ಅದೂ 140ರಲ್ಲೇ.

ಮೇಜರ್ ಬದಲಿಸಿದವರಿಗೆ ಹೊಸ ಪದವಿಗೆ ಸಲ್ಲುವ ಕ್ರೆಡಿಟ್‌ಗಳನ್ನಷ್ಟೇ ಎಣಿಸುವ ಸ್ವಾತಂತ್ರ್ಯ ಕಾಲೇಜಿಗಿದೆ. ಎಲ್ಲ ಕಾಲೇಜೂ ಅದನ್ನು ಬಳಸುವುದಿಲ್ಲ. ಎರಡನೇ ವರ್ಷದ ನಂತರ ಮೇಜರ್ ಬದಲಿಸುವವರು, ಡಬಲ್ ಮೇಜರ್‌ಗೆ ಹೊರಟವರು, ಫಾರ್ಮಿಗೆ ಸಹಿ ಹಾಕುವ ಮುನ್ನ ಈ ಒಂದು ಪ್ರಶ್ನೆಯನ್ನು ಏಡ್ ಕಚೇರಿಗೆ ಮೇಲ್‌ನಲ್ಲಿ ಕೇಳಿ ಉತ್ತರವನ್ನು ಉಳಿಸಿಕೊಳ್ಳಬೇಕು. ಪೆಲ್‌ಗೆ ಇದರ ಹೊರಗೆ ಮತ್ತೊಂದು ಆಜೀವ ಮಿತಿಯೂ ಇದೆ: ಶೇ 600, ಅಂದರೆ ಪೂರ್ಣಾವಧಿಯ ಸುಮಾರು 12 ಸೆಮಿಸ್ಟರ್. ಅದಕ್ಕೆ ಮನವಿಯಿಲ್ಲ.

ಎಷ್ಟು ಓದಿದರೆ ಮತ್ತೆ ಮೇಲೆ ಬರಬಹುದು

ಶೇ 66.67ರ ನಿಯಮವಿರುವ ಕಡೆ ಪೇಸ್‌ಗೊಂದು ಬೆರಳೆಣಿಕೆಯ ಸೂತ್ರವಿದೆ. ಕೈಹಾಕಿದ ಕ್ರೆಡಿಟ್ಟನ್ನು ಎರಡರಿಂದ ಗುಣಿಸಿ. ಗಳಿಸಿದ ಕ್ರೆಡಿಟ್ಟನ್ನು ಮೂರರಿಂದ ಗುಣಿಸಿ. ಮೊದಲಿನದರಿಂದ ಎರಡನೆಯದನ್ನು ಕಳೆಯಿರಿ. ಉಳಿದಷ್ಟು ಕ್ರೆಡಿಟ್‌ಗಳನ್ನು ಒಂದನ್ನೂ ಬಿಡದೆ ಪಾಸಾದರೆ ಸರಿಯಾಗಿ ಮೂರನೇ ಎರಡಕ್ಕೆ ಬರುತ್ತೀರಿ. ಉತ್ತರ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಈಗಲೇ ಗೆರೆಯ ಮೇಲಿದ್ದೀರಿ.

ಮೊದಲ ವರ್ಷ 30ಕ್ಕೆ ಕೈಹಾಕಿ 15 ಗಳಿಸಿದವನಿಗೆ: 60 ಕಳೆ 45, 15 ಕ್ರೆಡಿಟ್, ಒಂದು ಪೂರ್ತಿ ಸೆಮಿಸ್ಟರ್. 90ಕ್ಕೆ ಕೈಹಾಕಿ 54 ಗಳಿಸಿದವಳಿಗೆ: 180 ಕಳೆ 162, 18 ಕ್ರೆಡಿಟ್. ಅವಳ ಪೇಸ್ ಶೇ 60, ಅವನದು ಶೇ 50. ಅವಳ ಸ್ಥಿತಿ ಮೇಲು ಎನಿಸಿದರೂ ಏರಬೇಕಾದ ಮೆಟ್ಟಿಲು ಅವಳಿಗೇ ಹೆಚ್ಚು. ಒಟ್ಟು ದೊಡ್ಡದಾದಷ್ಟೂ ಶೇಕಡಾ ಅಲುಗಿಸುವುದು ಕಷ್ಟ. ಮೊದಲ ವರ್ಷದಲ್ಲಿ ಬಿದ್ದವರು ಕೂಡಲೇ ಸರಿಪಡಿಸಿಕೊಳ್ಳಬೇಕು ಎನ್ನುವುದಕ್ಕೆ ಕಾರಣ ಇದು.

ಜಿಪಿಎಗೂ ಹೀಗೆಯೇ. 30 ಕ್ರೆಡಿಟ್ ಮುಗಿದಾಗ ಜಿಪಿಎ 1.6 ಅಂದರೆ ಗ್ರೇಡ್ ಅಂಕ 48. 2.0ಕ್ಕೆ 60 ಬೇಕಿತ್ತು, 12 ಅಂಕದ ಸಾಲ. ಮುಂದೆ ಪಡೆವ ಪ್ರತಿ ಬಿ, ಅಂದರೆ 3.0, ಕ್ರೆಡಿಟ್‌ಗೆ ಒಂದು ಅಂಕ ಸಾಲ ತೀರಿಸುತ್ತದೆ. 12 ಕ್ರೆಡಿಟ್ ಬಿ ಸಾಕು. ಸಿ ಪ್ಲಸ್, ಅಂದರೆ 2.3, ಪಡೆದರೆ ಕ್ರೆಡಿಟ್‌ಗೆ 0.3 ಅಂಕ ಮಾತ್ರ. 40 ಕ್ರೆಡಿಟ್ ಬೇಕು. ಬರೀ ಸಿ ಪಡೆಯುತ್ತ ಹೋದರೆ ಸಾಲ ಎಂದೂ ತೀರದು. ‘ಇನ್ನು ಮುಂದೆ ಎಲ್ಲದರಲ್ಲೂ ಪಾಸಾಗುತ್ತೇನೆ’ ಎಂದು ಮನವಿಯಲ್ಲಿ ಬರೆಯುವವರಿಗೆ ಸಮಿತಿ ಮೊದಲು ನೋಡುವುದು ಈ ಗುಣಾಕಾರವನ್ನೇ.

ವಾರ್ನಿಂಗ್, ಅಮಾನತು, ಪ್ರೊಬೇಷನ್

ಪ್ರತಿ ಸೆಮಿಸ್ಟರ್ ಕೊನೆಗೆ ಸ್ಯಾಪ್ ನೋಡುವ ಕಾಲೇಜುಗಳಿವೆ, ವರ್ಷಕ್ಕೊಮ್ಮೆ ನೋಡುವವೂ ಇವೆ. ಒಂದು ವರ್ಷ ಅಥವಾ ಅದಕ್ಕಿಂತ ಚಿಕ್ಕ ಕೋರ್ಸುಗಳಲ್ಲಿ ಪ್ರತಿ ಅವಧಿಗೂ ನೋಡಲೇಬೇಕು. ವ್ಯತ್ಯಾಸ ಸಣ್ಣದಲ್ಲ. ಪ್ರತಿ ಸೆಮಿಸ್ಟರ್ ನೋಡುವ ಕಡೆ ಮೊದಲ ಸಲ ಬಿದ್ದವರಿಗೆ ‘ವಾರ್ನಿಂಗ್’ ಕೊಡಬಹುದು: ಅರ್ಜಿಯಿಲ್ಲದೆ ಇನ್ನೊಂದು ಸೆಮಿಸ್ಟರ್ ಏಡ್ ಬರುತ್ತದೆ, ಅಷ್ಟರಲ್ಲಿ ಸರಿಯಾಗಬೇಕು. ಸತತ ಎರಡು ಸಲ ವಾರ್ನಿಂಗ್ ಇಲ್ಲ. ವರ್ಷಕ್ಕೊಮ್ಮೆ ನೋಡುವ ಕಡೆ ವಾರ್ನಿಂಗ್ ಎಂಬ ಮೆಟ್ಟಿಲೇ ಇಲ್ಲ, ಮೇ ತಿಂಗಳಲ್ಲಿ ಬಿದ್ದರೆ ನೇರವಾಗಿ ಏಡ್ ನಿಲ್ಲುತ್ತದೆ, ಅದೇ ಅಮಾನತು. ಮೇಲಿನ ಉದಾಹರಣೆಯ ವಿದ್ಯಾರ್ಥಿಗೆ ಆದದ್ದು ಇದೇ.

‘ಪ್ರೊಬೇಷನ್’ ಮನವಿ ಗೆದ್ದವರಿಗೆ ಸಿಗುವ ಒಂದು ಸೆಮಿಸ್ಟರ್‌ನ ಅವಕಾಶ. ಒಂದು ಸೆಮಿಸ್ಟರ್‌ನಲ್ಲಿ ಗೆರೆ ಮುಟ್ಟಲಾಗದಷ್ಟು ಹಿಂದಿದ್ದರೆ ಕಾಲೇಜು ಅಕಡೆಮಿಕ್ ಪ್ಲ್ಯಾನ್ ಬರೆದುಕೊಡುತ್ತದೆ: ಯಾವ ಕೋರ್ಸು, ಯಾವ ಗ್ರೇಡು, ಎಷ್ಟು ಸೆಮಿಸ್ಟರ್. ಅದನ್ನು ಪಾಲಿಸುವವರೆಗೆ ಒಟ್ಟು ಪೇಸ್ ಇನ್ನೂ ಕೆಳಗಿದ್ದರೂ ಏಡ್ ಬರುತ್ತದೆ. ಪ್ಲ್ಯಾನ್‌ನಲ್ಲಿ ‘ಡಬ್ಲ್ಯು ಇಲ್ಲ’ ಎಂದು ಬರೆದಿದ್ದರೆ ಒಂದೇ ಡಬ್ಲ್ಯು ಅದನ್ನು ಮುರಿಯುತ್ತದೆ.

ಇಲ್ಲಿ ಹೆಸರುಗಳು ಗೊಂದಲ ಮಾಡುತ್ತವೆ. ಡೀನ್ ಕಚೇರಿಯ ಅಕಡೆಮಿಕ್ ಪ್ರೊಬೇಷನ್ ಬೇರೆ, ಏಡ್ ಕಚೇರಿಯ ಪ್ರೊಬೇಷನ್ ಬೇರೆ. ಒಬ್ಬರು ಕಾಲೇಜಿನಲ್ಲಿ ‘ಗುಡ್ ಸ್ಟ್ಯಾಂಡಿಂಗ್’ನಲ್ಲಿದ್ದೂ ಏಡ್ ಕಳೆದುಕೊಳ್ಳಬಹುದು. ಕಾಲೇಜಿನಿಂದ ಹೊರಬಿದ್ದು ಡೀನ್ ಅನುಮತಿಯಿಂದ ಮರಳಿ ಸೇರಿದವರಿಗೆ ಏಡ್ ಮರಳುವುದಿಲ್ಲ, ಅದಕ್ಕೆ ಪ್ರತ್ಯೇಕ ಮನವಿ ಬೇಕು.

ಈ ಎಲ್ಲ ಮೇಲ್‌ಗಳು ಹೋಗುವುದು ವಿದ್ಯಾರ್ಥಿಯ ಕಾಲೇಜು ಇಮೇಲ್‌ಗೆ. ಮಗುವಿಗೆ 18 ತುಂಬಿದರೆ ಅಥವಾ ಕಾಲೇಜಿಗೆ ಸೇರಿದರೆ ಶೈಕ್ಷಣಿಕ ದಾಖಲೆಯ ಹಕ್ಕು ತಂದೆತಾಯಿಯಿಂದ ಅವರ ಕೈಗೆ ಹೋಗುತ್ತದೆ. 1974ರ ಫರ್ಪಾ ಕಾನೂನು. ಶುಲ್ಕ ಕಟ್ಟುವವರು ನಾವು, ಅಂಕಪಟ್ಟಿ ತೋರಿಸುವುದಿಲ್ಲವೆಂದರೆ ಹೇಗೆ ಎಂಬ ಸಿಟ್ಟು ಸಹಜ, ಕಚೇರಿಯ ಕಿಟಕಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಮಗ ಅಥವಾ ಮಗಳು ಆನ್‌ಲೈನ್‌ನಲ್ಲಿ ಒಪ್ಪಿಗೆ ಪತ್ರ ತುಂಬಿದರೆ ಪೋಷಕರ ಜೊತೆ ಕಚೇರಿ ಮಾತಾಡುತ್ತದೆ. ಮೊದಲ ಸೆಮಿಸ್ಟರ್‌ನಲ್ಲೇ, ಎಲ್ಲವೂ ಚೆನ್ನಾಗಿರುವಾಗಲೇ, ಆ ಪತ್ರ ತುಂಬಿಸಿಟ್ಟುಕೊಳ್ಳುವುದು ಸುಲಭ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದು.

ಮನವಿ ಬರೆಯುವುದು

ಮನವಿಗೆ ಅವಕಾಶ ಕೊಡಬೇಕೆಂದು ಕಾನೂನು ಒತ್ತಾಯಿಸುವುದಿಲ್ಲ, ಆದರೂ ಹೆಚ್ಚಿನ ಕಾಲೇಜುಗಳು ಕೊಡುತ್ತವೆ. ನಿಯಮ ಹೆಸರಿಸುವ ಕಾರಣಗಳು ಬಂಧುವಿನ ಸಾವು, ವಿದ್ಯಾರ್ಥಿಯ ಕಾಯಿಲೆ ಅಥವಾ ಗಾಯ, ಮತ್ತು ‘ಇತರ ವಿಶೇಷ ಸಂದರ್ಭ’. ಕೊನೆಯದರ ಬಾಗಿಲು ಅಗಲ: ಮನೆ ಬೆಂಕಿಗೆ ತುತ್ತಾದದ್ದು, ತಂದೆಯ ಕೆಲಸ ಹೋಗಿ ವಿದ್ಯಾರ್ಥಿ ದುಡಿಯಬೇಕಾದದ್ದು, ಖಿನ್ನತೆ, ಮನೆಯೊಳಗಿನ ಹಿಂಸೆ ಎಲ್ಲ ಅದರಲ್ಲಿ ಬರಬಹುದು. ಪ್ರೊಫೆಸರ್ ಪಾಠ ಅರ್ಥವಾಗಲಿಲ್ಲ, ಈ ನಿಯಮವೇ ಗೊತ್ತಿರಲಿಲ್ಲ, ಏಡ್ ಇಲ್ಲದಿದ್ದರೆ ಓದಲಾಗದು ಎಂಬ ಮೂರು ಮಾತುಗಳು ಎಷ್ಟೇ ನಿಜವಾದರೂ ಕಾರಣಗಳಲ್ಲ.

ಪತ್ರ ಎರಡು ಪ್ರಶ್ನೆಗೆ ಉತ್ತರಿಸಬೇಕು: ಏಕೆ ಬಿದ್ದಿರಿ, ಮತ್ತು ಈಗ ಏನು ಬದಲಾಗಿದೆ. ಬಹುಪಾಲು ಪತ್ರಗಳು ಮೊದಲನೆಯದಕ್ಕೆ ಎರಡು ಪುಟ, ಎರಡನೆಯದಕ್ಕೆ ಒಂದು ಸಾಲು ಕೊಡುತ್ತವೆ. ತಿರಸ್ಕಾರವಾಗುವುದು ಆ ಒಂದು ಸಾಲಿನಿಂದ. ‘ಇನ್ನು ಮುಂದೆ ಶ್ರಮಪಡುತ್ತೇನೆ’ ಎನ್ನುವುದು ಬದಲಾವಣೆಯಲ್ಲ, ಭರವಸೆ. ‘ವಾರಕ್ಕೆ 30 ಗಂಟೆ ಕೆಲಸ ಮಾಡುತ್ತಿದ್ದೆ, ಈಗ 12ಕ್ಕೆ ಇಳಿಸಿದ್ದೇನೆ, ಮ್ಯಾನೇಜರ್ ಪತ್ರ ಲಗತ್ತಿಸಿದೆ, ಪ್ರತಿ ಮಂಗಳವಾರ ಆಪ್ತಸಲಹೆಗೆ ಹೋಗುತ್ತಿದ್ದೇನೆ, ಮುಂದಿನ ಸೆಮಿಸ್ಟರ್ 15ರ ಬದಲು 12 ಕ್ರೆಡಿಟ್, ಅಡ್ವೈಸರ್ ಸಹಿ ಮಾಡಿದ ಯೋಜನೆ ಇಲ್ಲಿದೆ’ ಎನ್ನುವುದು ಬದಲಾವಣೆ.

ದಿನಾಂಕಗಳು ಟ್ರಾನ್ಸ್‌ಕ್ರಿಪ್ಟ್‌ಗೆ ತಾಳೆಯಾಗಬೇಕು. ಅಜ್ಜಿ ತೀರಿಕೊಂಡದ್ದು ಮಾರ್ಚ್‌ನಲ್ಲಿ, ಎಫ್ ಬಂದದ್ದು ಹಿಂದಿನ ಡಿಸೆಂಬರ್‌ನಲ್ಲಿ ಎಂದಾದರೆ ಸಮಿತಿ ಅಲ್ಲೇ ನಿಲ್ಲುತ್ತದೆ. ಒಂದಕ್ಕಿಂತ ಹೆಚ್ಚು ಸೆಮಿಸ್ಟರ್ ಕೆಟ್ಟಿದ್ದರೆ ಪ್ರತಿಯೊಂದಕ್ಕೂ ಒಂದೊಂದು ಪ್ಯಾರಾ ಬೇಕು; ಒಂದೇ ಘಟನೆಯ ಹೆಗಲಿಗೆ ಎಲ್ಲವನ್ನೂ ಹೊರಿಸಬಾರದು. ವೈದ್ಯರ ಪತ್ರದಲ್ಲಿ ರೋಗದ ಪೂರ್ತಿ ವಿವರ ಬೇಕಿಲ್ಲ: ಇಂಥ ದಿನದಿಂದ ಇಂಥ ದಿನದವರೆಗೆ ಚಿಕಿತ್ಸೆಯಲ್ಲಿದ್ದರು, ಓದಿಗೆ ಅಡ್ಡಿಯಾಗಿತ್ತು, ಈಗ ಮರಳಲು ಶಕ್ತರು ಎಂಬ ಮೂರು ಸಂಗತಿ ಸಾಕು. ಊರಿನಲ್ಲಿ ಸಾವು ಅಥವಾ ಕಾಯಿಲೆಯಾಗಿ ವಿದ್ಯಾರ್ಥಿ ಪಯಣಿಸಿದ್ದರೆ ಮರಣ ಪ್ರಮಾಣಪತ್ರ, ವಿಮಾನದ ಟಿಕೆಟ್, ಸಂಬಂಧ ತೋರಿಸುವ ಒಂದು ದಾಖಲೆ ಸೇರಿಸಿ. ಕನ್ನಡದಲ್ಲಷ್ಟೇ ಇರುವ ಆಸ್ಪತ್ರೆ ಕಾಗದಕ್ಕೆ ಇಂಗ್ಲಿಷ್ ಅನುವಾದ ಜೋಡಿಸದಿದ್ದರೆ ಅದು ಕಡತದಲ್ಲಿ ಮೂಕವಾಗಿ ಕೂರುತ್ತದೆ. ಚಿಕ್ಕಪ್ಪ ದೊಡ್ಡಮ್ಮಂದಿರು ನಮಗೆ ಎಷ್ಟು ಹತ್ತಿರ ಎಂಬುದು ಅಲ್ಲಿನ ಸಮಿತಿಗೆ ತಾನಾಗಿ ಹೊಳೆಯುವುದಿಲ್ಲ. ಸಾಕಿ ಬೆಳೆಸಿದವರಾಗಿದ್ದರೆ ಹಾಗೆಂದು ಬರೆಯಬೇಕು.

ತಂದೆತಾಯಿ ಬರೆದ ಪತ್ರವನ್ನು ವಿದ್ಯಾರ್ಥಿಯ ಹೆಸರಲ್ಲಿ ಕಳಿಸುವುದು ಬೇಡ. ಓದಿದವರಿಗೆ ಗೊತ್ತಾಗುತ್ತದೆ. ಗಡುವು ಕಾಲೇಜಿಗೊಂದು, ಪರಿಶೀಲನೆಗೆ ಕೆಲವು ವಾರಗಳು ಹಿಡಿಯಬಹುದು, ಅಷ್ಟರಲ್ಲಿ ಶುಲ್ಕದ ದಿನ ಬಂದೇ ಬರುತ್ತದೆ. ಮನವಿ ಬಾಕಿಯಿದೆ ಎಂಬ ಕಾರಣಕ್ಕೆ ಬಿಲ್ ನಿಲ್ಲುವುದಿಲ್ಲವಾದ್ದರಿಂದ ಕಾಲೇಜಿನ ಕಂತಿನ ಯೋಜನೆಗೆ ಸೇರಿಕೊಂಡು ಕಾಯುವುದು ಕ್ಷೇಮ. ಕಾಲೇಜಿನ ತೀರ್ಮಾನವೇ ಅಂತಿಮ; ವಾಷಿಂಗ್ಟನ್‌ಗೆ ಪತ್ರ ಬರೆದು ಉಪಯೋಗವಿಲ್ಲ.

ಎಲ್ಲವನ್ನೂ ಬಿಟ್ಟು ಹೊರಟರೆ

ಒಂದು ಕೋರ್ಸಲ್ಲ, ಆ ಸೆಮಿಸ್ಟರ್‌ನ ಎಲ್ಲ ಕೋರ್ಸುಗಳನ್ನೂ ಬಿಟ್ಟರೆ ಸ್ಯಾಪ್ ಜೊತೆಗೆ ಬೇರೊಂದು ನಿಯಮ ಎದುರಾಗುತ್ತದೆ. ಸೆಮಿಸ್ಟರ್‌ನ ಶೇ 60 ಕಳೆಯುವ ಮುನ್ನ ಹೊರಟವರು ಇದ್ದ ದಿನಗಳ ಪ್ರಮಾಣದಷ್ಟೇ ಏಡ್ ‘ಗಳಿಸಿದಂತೆ’. 110 ದಿನಗಳ ಸೆಮಿಸ್ಟರ್‌ನ 44ನೇ ದಿನ ಹೊರಟರೆ ಶೇ 40. ಬಂದ ಏಡ್ 6,000 ಡಾಲರ್ ಆಗಿದ್ದರೆ 2,400 ಉಳಿಯುತ್ತದೆ, 3,600 ಗಳಿಸದ ದುಡ್ಡು. ಅದರಲ್ಲಿ ತನ್ನ ಪಾಲನ್ನು ಕಾಲೇಜು ಸರ್ಕಾರಕ್ಕೆ ಹಿಂದಿರುಗಿಸಿ ವಿದ್ಯಾರ್ಥಿಗೆ ಬಿಲ್ ಕಳಿಸುತ್ತದೆ, ಏಕೆಂದರೆ ಬೋಧನಾ ಶುಲ್ಕ ಆಗಲೇ ಬಿದ್ದಾಗಿರುತ್ತದೆ. ಹೇಳದೆ ಕೇಳದೆ ತರಗತಿಗೆ ಹೋಗುವುದು ನಿಲ್ಲಿಸಿ ಎಲ್ಲದರಲ್ಲೂ ಎಫ್ ಬಂದರೂ ಇದೇ ಗತಿ: ಕೊನೆಯವರೆಗೆ ಹಾಜರಿದ್ದದ್ದಕ್ಕೆ ಪುರಾವೆ ಸಿಗದಿದ್ದರೆ, ಹಾಜರಿ ತೆಗೆಯುವ ಕಡ್ಡಾಯವಿಲ್ಲದ ಕಾಲೇಜುಗಳು ಸೆಮಿಸ್ಟರ್‌ನ ನಡುಬಿಂದುವಿನಲ್ಲಿ ಹೊರಟಂತೆ ಎಣಿಸಬಹುದು.

ಕ್ರೆಡಿಟ್ ಕಡಿಮೆ ಮಾಡಿಕೊಳ್ಳುವುದಕ್ಕೂ ಬೆಲೆಯಿದೆ. 2024-25ರಿಂದ ಪೆಲ್ ಮೊತ್ತ ಕ್ರೆಡಿಟ್‌ಗೆ ತಕ್ಕಂತೆ ಶೇಕಡಾವಾರು ಇಳಿಯುತ್ತದೆ: 12ರ ಬದಲು 9 ಆದರೆ ಶೇ 75. 6ಕ್ಕಿಂತ ಕೆಳಗಿಳಿದರೆ ಪದವಿ ವಿದ್ಯಾರ್ಥಿಗೆ ಡೈರೆಕ್ಟ್ ಲೋನ್ ಇಲ್ಲ.

ರಾಜ್ಯಗಳ ಗೆರೆ ಇನ್ನೂ ಮೇಲೆ

ಫೆಡರಲ್ ಸ್ಯಾಪ್ ದಾಟಿದ ಮಾತ್ರಕ್ಕೆ ರಾಜ್ಯದ ದುಡ್ಡು ಉಳಿಯಿತೆಂದಲ್ಲ. ಜಾರ್ಜಿಯಾದ ಹೋಪ್ ಸ್ಕಾಲರ್‌ಶಿಪ್‌ಗೆ 3.0 ಬೇಕು, 30, 60, 90 ಕ್ರೆಡಿಟ್ ಕೈಹಾಕಿದಾಗಲೂ ಪ್ರತಿ ವಸಂತ ಸೆಮಿಸ್ಟರ್ ಕೊನೆಗೂ ನೋಡುತ್ತಾರೆ. ಅದೇ ರಾಜ್ಯದ ಝೆಲ್ ಮಿಲ್ಲರ್ ಸ್ಕಾಲರ್‌ಶಿಪ್‌ಗೆ 3.3. ಟೆಕ್ಸಸ್ ಗ್ರ್ಯಾಂಟ್ ಮೊದಲ ವರ್ಷ ಕಾಲೇಜಿನ ಸ್ಯಾಪ್‌ಗೆ ಒಪ್ಪುತ್ತದೆ, ಆಮೇಲೆ 2.5 ಜಿಪಿಎ, ಶೇ 75 ಪೇಸ್, ವರ್ಷಕ್ಕೆ 24 ಕ್ರೆಡಿಟ್ ಕೇಳುತ್ತದೆ. ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್‌ನಲ್ಲಿ ಉನ್ನತ ಹಂತಕ್ಕೆ 3.0, ಮೆಡಾಲಿಯನ್ ಹಂತಕ್ಕೆ 2.75, ಅಲ್ಲಿ ಡ್ರಾಪ್ ಗಡುವಿನ ನಂತರ ಬಿಟ್ಟ ಕೋರ್ಸಿನ ದುಡ್ಡನ್ನು ವಿದ್ಯಾರ್ಥಿಯೇ ಹಿಂದಿರುಗಿಸಬೇಕು. ಕಾಲೇಜಿನ ಸ್ವಂತ ಮೆರಿಟ್ ಸ್ಕಾಲರ್‌ಶಿಪ್‌ಗಳ ಗೆರೆ ಸಾಮಾನ್ಯವಾಗಿ ಇವೆಲ್ಲಕ್ಕಿಂತ ಬಿಗಿ, ಮತ್ತು ಒಮ್ಮೆ ಹೋದರೆ ಮರಳಿ ಕೊಡದಿರುವವೂ ಇವೆ. ಪ್ರತಿಯೊಂದರ ಷರತ್ತನ್ನು ಅವಾರ್ಡ್ ಪತ್ರದಿಂದ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು, ಎಲ್ಲಕ್ಕೂ ಒಂದೇ ನಿಯಮ ಇದ್ದೀತು ಎಂದು ಊಹಿಸಬಾರದು.

ಮನವಿ ಬಿದ್ದರೆ

ಒಂದು ಸೆಮಿಸ್ಟರ್ ಸುಮ್ಮನೆ ಮನೆಯಲ್ಲಿ ಕೂತು ಮರಳಿದರೆ ಏಡ್ ಮರಳುವುದಿಲ್ಲ. ಕೈಯಿಂದ ಶುಲ್ಕ ಕಟ್ಟಿದ ಮಾತ್ರಕ್ಕೂ ಮರಳುವುದಿಲ್ಲ. ಆ ಕ್ರೆಡಿಟ್‌ಗಳು ಪಾಸಾಗಿ ಸಂಖ್ಯೆಗಳು ಗೆರೆ ಮುಟ್ಟಬೇಕು. ಬೇರೆ ಕಾಲೇಜಿಗೆ ವರ್ಗವಾದರೆ ಹಳೆಯ ಅಮಾನತು ಹಿಂಬಾಲಿಸುವುದಿಲ್ಲ, ಹೊಸ ಕಾಲೇಜು ತಾನು ಒಪ್ಪಿಕೊಂಡ ಕ್ರೆಡಿಟ್‌ಗಳ ಮೇಲೆ ತನ್ನದೇ ನೀತಿಯಂತೆ ಅಳೆಯುತ್ತದೆ. ಹಿಂದಿರುಗಿಸದ ಗ್ರ್ಯಾಂಟ್ ದುಡ್ಡಾಗಲಿ, ಕಟ್ಟದೆ ಡಿಫಾಲ್ಟ್ ಆದ ಸಾಲವಾಗಲಿ ಮಾತ್ರ ಎಲ್ಲಿಗೆ ಹೋದರೂ ಹಿಂದೆ ಬರುತ್ತದೆ.

ಮೊದಲಿನ ಆ ವಿದ್ಯಾರ್ಥಿಗೆ ಸೂತ್ರ ಹಚ್ಚಿ: 120 ಕಳೆ 117, ಮೂರು ಕ್ರೆಡಿಟ್. ಒಂದು ಬೇಸಿಗೆ ಕೋರ್ಸು. ಅವನಿಗೆ ಅಜ್ಜಿಯ ಸಾವೂ ಇಲ್ಲ, ಕಾಯಿಲೆಯೂ ಇಲ್ಲ. ಮನವಿ ಬರೆದರೆ ಗೆಲ್ಲುವ ಸಂಭವ ಕಡಿಮೆ. ಬದಲಿಗೆ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಬೇಸಿಗೆಯಲ್ಲಿ ಒಂದು ಕೋರ್ಸು ಮುಗಿಸಿದರೆ 42 ಭಾಗಿಸು 63, ಶೇ 66.67. ಕಾಲೇಜು ರೌಂಡ್ ಮಾಡದ ಪೈಕಿಯಾದರೆ ಎರಡು ಕೋರ್ಸು ಬೇಕು: 45 ಭಾಗಿಸು 66, ಶೇ 68.2. ಹೆಸರು ಬರೆಸುವ ಮುನ್ನ ಆ ಕೋರ್ಸು ತನ್ನ ಪದವಿಗೆ ವರ್ಗವಾಗುತ್ತದೆಂದು ಅಡ್ವೈಸರ್‌ನಿಂದ ಬರಹದಲ್ಲಿ ಪಡೆಯಬೇಕು. ಮುಗಿದ ಮೇಲೆ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ರಿಜಿಸ್ಟ್ರಾರ್‌ಗೆ ಹೋಗಬೇಕು, ಅವರು ಕ್ರೆಡಿಟ್ ದಾಖಲಿಸಬೇಕು, ಆಮೇಲೆ ಅವನೇ ಏಡ್ ಕಚೇರಿಗೆ ಸ್ಯಾಪ್ ಮರುಲೆಕ್ಕದ ಮೇಲ್ ಕಳಿಸಬೇಕು. ಈ ಮೂರು ಹೆಜ್ಜೆಗೆ ಎರಡು ಮೂರು ವಾರ ಸುಲಭವಾಗಿ ಹಿಡಿಯುವುದರಿಂದ, ಆಗಸ್ಟ್ ಕೊನೆಗೆ ಮುಗಿಯುವ ಕೋರ್ಸಿಗಿಂತ ಜುಲೈ ಮೊದಲಲ್ಲೇ ಮುಗಿಯುವ ಮೊದಲ ಬೇಸಿಗೆ ಅವಧಿಯದನ್ನು ಆರಿಸಿಕೊಳ್ಳುವುದು ಒಳ್ಳೆಯದು.